ಪರದೆಯ ಮೇಲಿನ ಮುಖ, ಮೋರಟಗಿಯ ದನಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುದ್ದೇಬಿಹಾಳದಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯಲ್ಲಿ ಎರಡನೇ ನಾಯಕಿಯಾಗಿದ್ದೆ. ಎರಡನೇ ನಾಯಕಿ ಎಂದರೆ ನಾಯಕನ ತಂಗಿ, ಇಲ್ಲವೇ ನಾಯಕಿಯ ಗೆಳತಿ. ಒಂದು ಹಾಡು, ಒಂದೆರಡು ಜಗಳ, ಕೊನೆಯ ಅಂಕದಲ್ಲಿ ಮದುವೆ. ಅವ್ವ ಅದೇ ಕಂಪನಿಯಲ್ಲಿ ಅತ್ತೆಯ ಪಾತ್ರ ಮಾಡುತ್ತಿದ್ದಳು. ನನಗೆ ಇನ್ನೊಂದು ಗೀಳಿತ್ತು. ಟೆಂಟ್ ಸಿನಿಮಾಕ್ಕೆ ಹೋಗಿ ಬಂದರೆ ಅಲ್ಲಿ ಕೇಳಿದವರ ದನಿಯನ್ನು ಹಾಗೆಯೇ ಎತ್ತಿ ಆಡಿ ತೋರಿಸುತ್ತಿದ್ದೆ. ಬಣ್ಣದ ಕೋಣೆಯಲ್ಲಿ ಎಲ್ಲರೂ ನಗುತ್ತಿದ್ದರು, ಅವ್ವ ಮಾತ್ರ ನಗುತ್ತಿರಲಿಲ್ಲ. ಮಂದಿ ದನಿ ಆಡಿ ಆಡಿ ನಿನ್ನ ದನಿ ಮರೆತೀಯ ಎಂದು ಗದರುತ್ತಿದ್ದಳು.

ನಾನು ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದದ್ದು ಒಬ್ಬ ನಟಿಯ ದನಿಯನ್ನು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಪ್ಪು ಬಿಳುಪಿನ ಚಿತ್ರಗಳಲ್ಲಿ ಅವರು ತುಂಬಿದ ಮನೆಯ ಸೊಸೆ, ಕಣ್ಣೀರು ನುಂಗಿಕೊಳ್ಳುವ ಹೆಂಡತಿ. ತಗ್ಗಿಸಿದ ಕಣ್ಣು, ತುಟಿ ತೆರೆಯದ ನಗು, ಎಳೆಯಾಗಿ ಸಣ್ಣಗೆ ಹೊರಡುವ ಮಾತು. ನಮ್ಮ ಕಡೆಯ ತಾಯಂದಿರು ಜೋರಾಗಿ ಮಾತಾಡುವ ಮಗಳಿಗೆ ಅವರನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು. ಸಿನಿಮಾ ಪತ್ರಿಕೆಗಳಲ್ಲಿ ಅವರ ವಿಷಯ ಓದಿ ಓದಿ ನನಗೆ ಬಾಯಿಪಾಠವಾಗಿತ್ತು: ಹುಟ್ಟಿದ್ದು ಮೈಸೂರಿನ ಸಂಗೀತದ ಮನೆತನದಲ್ಲಿ, ಬೆಳಗೆದ್ದು ವೀಣೆ ನುಡಿಸುತ್ತಾರೆ, ತುಳಸಿಗೆ ನೀರು ಹಾಕದೆ ಕಾಫಿ ಕುಡಿಯುವುದಿಲ್ಲ. ಅಂಗಳದಲ್ಲಿ ರಂಗೋಲಿ ಹಾಕುತ್ತ ಕೂತ ಅವರ ಫೋಟೋವನ್ನು ಕತ್ತರಿಸಿ ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ಹಾಗೆ ತುಟಿ ಮುಚ್ಚಿ ನಗಲು ಕನ್ನಡಿಯ ಮುಂದೆ ಬಹಳ ಸಲ ಪ್ರಯತ್ನಪಟ್ಟಿದ್ದೆ.

ಆ ವರ್ಷ ಕಂಪನಿಗೆ ಜನ ಕಡಿಮೆಯಾಗಿದ್ದರು. ಮಾಲಕರು ಬೆಂಗಳೂರಿಗೆ ಹೋಗಿ ಆ ನಟಿಯನ್ನೇ ಅತಿಥಿ ಕಲಾವಿದೆಯಾಗಿ ಒಪ್ಪಿಸಿಕೊಂಡು ಬಂದರು. ಬಣ್ಣದ ಚಿತ್ರಗಳು ಶುರುವಾದ ಮೇಲೆ ಅವರಿಗೆ ಸಿನಿಮಾ ಪಾತ್ರಗಳು ಕಡಿಮೆಯಾಗಿದ್ದವು, ಅದಕ್ಕೇ ಒಪ್ಪಿದರು ಎಂದು ನಮ್ಮವರು ಆಡಿಕೊಂಡರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಊರುಗಳಲ್ಲಿ ಟೆಂಟ್ ಟಾಕೀಸು ಹಿಡಿದು ಒಂದೊಂದು ಆಟ, ಕೊನೆಯದು ಮುದ್ದೇಬಿಹಾಳದ ನಮ್ಮದೇ ತಗಡಿನ ಥೇಟರಿನಲ್ಲಿ. ನಮ್ಮ ಹಳೆಯ ನಾಟಕವೊಂದರ ಹಿರಿಸೊಸೆಯ ಪಾತ್ರ ಅವರದು. ಅವರಿಗಾಗಿ ಆ ನಾಟಕದ ಮಾತನ್ನೆಲ್ಲ ಮಾಲಕರು ಮೈಸೂರಿನ ಕನ್ನಡಕ್ಕೆ ತಿದ್ದಿ ಬರೆಸಿದರು. ಜೀಪಿನ ಮೇಲೆ ಮೈಕು ಕಟ್ಟಿ, ನಿಮ್ಮ ಮೆಚ್ಚಿನ ತಾರೆ ನಿಮ್ಮ ಕಣ್ಣೆದುರಿಗೆ ಎಂದು ಊರೂರು ಕೂಗಿಸಿದರು.

ಅವರು ಇಂಡಿಗೆ ಬಂದದ್ದು ಕಿಟಕಿಗೆ ಪರದೆ ಕಟ್ಟಿದ ಕಾರಿನಲ್ಲಿ. ಜೊತೆಗೆ ಒಬ್ಬ ವ್ಯವಸ್ಥಾಪಕರಿದ್ದರು. ಬಿಳಿ ಪ್ಯಾಂಟು, ಬಿಳಿ ಬೂಟಿನ ಮನುಷ್ಯ. ಕಾರಿನಿಂದ ಇಳಿದವರೇ ನಮಗೆಲ್ಲ ಕಟ್ಟಳೆ ಹೇಳಿದರು. ಆಟಕ್ಕೆ ಮೊದಲು ಅಮ್ಮನವರನ್ನು ಯಾರೂ ಹಗಲ ಬೆಳಕಿನಲ್ಲಿ ನೋಡಬಾರದು. ಫೋಟೋ ತೆಗೆಯುವುದಿದ್ದರೆ ಎಡಗಡೆಯಿಂದ ಮಾತ್ರ. ಮಂದಿಯೆದುರು ಅವರು ಊಟ ಮಾಡುವುದಿಲ್ಲ. ಅವರ ಮನೆಯ ವಿಚಾರ ಯಾರೂ ಕೇಳುವಂತಿಲ್ಲ. ನಮ್ಮ ಮಾಲಕರು ಎಲ್ಲಕ್ಕೂ ತಲೆದೂಗಿದರು. ಇವೆಲ್ಲ ದೊಡ್ಡವರ ಲಕ್ಷಣ ಎಂದು ನಾನೂ ನಂಬಿದೆ.

ಮಧ್ಯಾಹ್ನ ಟೆಂಟಿನ ಸುತ್ತ ಗೋಣಿತಟ್ಟು ಕಟ್ಟಿ ತಾಲೀಮು ಶುರುವಾಯಿತು. ಅವರು ವೇದಿಕೆಗೆ ಬಂದರು, ತಲೆಯ ಮೇಲೆ ಸೆರಗು ಎಳೆದುಕೊಂಡರು, ಮೈದುನನ ಪಾತ್ರದವನ ಕಡೆ ತಿರುಗಿದರು. ಮನೆ ಒಡೆಯುವ ಮಾತು ಈ ಹೊಸಿಲ ಒಳಗೆ ಬೇಡ ಎಂಬುದು ಅವರ ಮೊದಲ ಮಾತು. ಅವರು ಬಾಯಿ ತೆರೆದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ದಪ್ಪನೆಯ, ಒಡಕು ದನಿ. ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವಂಥದು. "ಬೇಡ" ಎಂಬುದು ಅವರ ಬಾಯಲ್ಲಿ "ಬ್ಯಾಡ" ಆಗಿ ಬಂತು. ಮಾಲಕರು ಕುಡಿಯುತ್ತಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು.

ವ್ಯವಸ್ಥಾಪಕರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಮಾಲಕರನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದರು. ಸಿನಿಮಾದಲ್ಲಿ ಅಮ್ಮನವರ ಮಾತನ್ನು ಬೇರೆ ಹೆಂಗಸೊಬ್ಬರು ಆಡುತ್ತಾರೆ, ಮೊದಲ ಚಿತ್ರದಿಂದಲೂ ಹಾಗೆಯೇ, ಇದು ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ. ಎಲ್ಲರಿಗೂ ಎಂದರೆ ಸ್ಟುಡಿಯೋದವರಿಗೆ. ಇಲ್ಲಿ ಜನ ಅವರ ಮುಖ ನೋಡಲು ಬರುತ್ತಾರೆ, ದನಿಯನ್ನು ಯಾರು ಗಮನಿಸುತ್ತಾರೆ ಎಂದು ನಾವು ತಿಳಿದಿದ್ದೆವು ಎಂದರು. ಮಾಲಕರು ತಲೆಯ ಮೇಲೆ ಕೈ ಹೊತ್ತರು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು.

ಹೀಗೆ ಆ ತಾರೆಗೆ ಅವರದೇ ಸಿನಿಮಾ ದನಿಯನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಪ್ರವಾಸಿ ಬಂಗಲೆಯ ಕೋಣೆಯಲ್ಲಿ ಅವರು ಮಂಚದ ಮೇಲೆ, ನಾನು ಚಾಪೆಯ ಮೇಲೆ. ನಾನು ಒಂದು ಮಾತು ಸಣ್ಣ ದನಿಯಲ್ಲಿ ಆಡಬೇಕು, ಅವರು ಅದನ್ನು ಹಾಗೆಯೇ ಹೇಳಬೇಕು. ಉಸಿರನ್ನು ಗಂಟಲಲ್ಲಿ ಅರ್ಧಕ್ಕೆ ತಡೆದು, ಮಾತಿನ ಕೊನೆಯನ್ನು ಮೆಲ್ಲಗೆ ಬಿಡಬೇಕು ಎಂದು ತೋರಿಸಿಕೊಟ್ಟೆ. ಅವರು ಹಟ ಹಿಡಿದು ಕಲಿತರು. ತಪ್ಪಿದರೆ ಮತ್ತೆ, ಮತ್ತೆ ತಪ್ಪಿದರೆ ಇನ್ನೊಮ್ಮೆ. ಇದನ್ನು ಎಲ್ಲಿ ಕಲಿತೆ ಎಂದು ನನ್ನನ್ನು ಕೇಳಿದರು. ನಿಮ್ಮ ಸಿನಿಮಾ ನೋಡಿಯೇ ಎಂದೆ. ಅವರು ಬಾಯಿ ತುಂಬ ನಕ್ಕರು. ಆಗ ನೋಡಿದೆ, ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿಕೊಂಡಿತ್ತು.

ನಾನು ನೋಡಿದ್ದು ಅವರಿಗೂ ತಿಳಿಯಿತು. ತುಟಿ ಮುಚ್ಚಿ ನಗುವುದು ಈ ಹಲ್ಲಿನಿಂದಾಗಿ ಎಂದರು. ಮುಂದೆ ಒಂದೊಂದೇ ಹೇಳಿದರು, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ. ಎಡಗಡೆಯ ಫೋಟೋ ಯಾಕೆಂದರೆ ಬಲಗೆನ್ನೆಯ ಮೇಲೆ ಚಿಕ್ಕವರಿದ್ದಾಗ ಬಿದ್ದ ಗಾಯದ ಗುರುತು. ಕಣ್ಣು ತಗ್ಗಿಸುವುದು ನಾಚಿಕೆಯಿಂದಲ್ಲ. ಮೊದಲ ಚಿತ್ರದಲ್ಲಿ ದೊಡ್ಡ ದೀಪಗಳ ಬೆಳಕು ತಡೆಯಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಪತ್ರಿಕೆಯವರು ಅದನ್ನು ಲಜ್ಜೆ ಎಂದು ಬರೆದರು. ಜನ ಮೆಚ್ಚಿದರು. ಹಾಗೆಯೇ ನಿಲ್ಲು ಎಂದು ಮುಂದಿನ ನಿರ್ದೇಶಕರೆಲ್ಲ ಹೇಳಿದರು. ರಂಗೋಲಿಯ ಅಂಗಳ ಒಬ್ಬ ವಕೀಲರ ಮನೆಯದು, ರಂಗೋಲಿ ಹಾಕಿದ್ದು ಅವರ ಮನೆಯಾಕೆ. ವೀಣೆ ಎರವಲು ತಂದದ್ದು. ನಾನು ಟ್ರಂಕಿನಲ್ಲಿದ್ದ ಫೋಟೋದ ವಿಷಯ ಹೇಳಲಿಲ್ಲ.

ನಮ್ಮ ಕಡೆಯ ಮಾತು ನಿಮಗೆ ಹೇಗೆ ಬಂತು ಎಂದು ಕೇಳಿದೆ. ಅದನ್ನೊಂದನ್ನು ಅವರು ತೇಲಿಸಿಬಿಟ್ಟರು.

ಇಂಡಿಯ ಆಟ ಗೆದ್ದಿತು. ಕಲಿಸಿದ ದನಿ ಒಂದೆರಡು ಕಡೆ ಜಾರಿದರೂ ಜನಕ್ಕೆ ತಿಳಿಯಲಿಲ್ಲ. ಹೆಂಗಸರ ಕಡೆಯಿಂದ ಮೂಗೊರೆಸುವ ಸದ್ದು ಕೇಳುತ್ತಿತ್ತು. ಪರದೆ ಬಿದ್ದ ಮೇಲೆ ಮಾಲಕರು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ಮಾತ್ರ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು, ಮೊದಲ ಸಲ ನಮ್ಮದೇ ಮಾತಿನಲ್ಲಿ ಹೇಳಿದರು.

"ಚಪ್ಪಾಳಿ ನನಗ ಬೀಳಲಿಲ್ಲ ತಂಗಿ. ಅಕಿಗಿ ಬಿತ್ತು."

ಅಕಿ ಎಂದರೆ ಸಿನಿಮಾದಲ್ಲಿ ಮಾತು ಆಡುವ ಹೆಂಗಸು. ಕತ್ತಲ ಕೋಣೆಯಲ್ಲಿ ಕೂತು, ಪರದೆಯ ಮೇಲೆ ತುಟಿ ಅಲುಗಿದ ಹಾಗೆ ಮಾತು ಸೇರಿಸಿ, ಬಸ್ಸು ಹತ್ತಿ ಮನೆಗೆ ಹೋಗುವವಳು. ಅವಳ ಹೆಸರು ಯಾವ ಚಿತ್ರದಲ್ಲೂ ಬಂದಿರಲಿಲ್ಲ.

ಸಿಂದಗಿಗೆ ಹೋದ ದಿನ ಅವರು ಕಾರಿನ ಪರದೆಯನ್ನು ಬೆರಳಷ್ಟು ಸರಿಸಿ ಹೊರಗೆ ನೋಡುತ್ತಲೇ ಇದ್ದರು. ಕೆಲಸದ ಸಲುವಾಗಿ ನಾನೂ ಆ ಕಾರಿನಲ್ಲಿದ್ದೆ. ಎರಡೂ ಕಡೆ ಜೋಳದ ಹೊಲ, ಕರಿಯ ಮಣ್ಣು.

ಮಧ್ಯಾಹ್ನದ ತಾಲೀಮಿನ ಹೊತ್ತಿಗೆ ಟೆಂಟಿನ ಬಾಗಿಲಲ್ಲಿ ಗದ್ದಲ ಕೇಳಿಸಿತು. ವಯಸ್ಸಾದ ಹೆಂಗಸೊಬ್ಬಳು ಒಳಗೆ ಬಿಡಿರೆಂದು ನಿಂತಿದ್ದಾಳೆ, ವ್ಯವಸ್ಥಾಪಕರು ಬಿಡುತ್ತಿಲ್ಲ. ತಾನು ಮೋರಟಗಿಯಿಂದ ಬಂದಿದ್ದೇನೆ, ಒಳಗಿರುವವಳು ತನ್ನ ತಂಗಿ ಎಂದು ಆಕೆ ಹೇಳುತ್ತಿದ್ದಳು. ವ್ಯವಸ್ಥಾಪಕರು ಸಮಾಧಾನವಾಗಿಯೇ ಮಾತಾಡಿದರು. ಅಮ್ಮನವರು ಮೈಸೂರಿನವರು, ಈ ಸೀಮೆಯಲ್ಲಿ ಅವರಿಗೆ ಯಾವ ನೆಂಟರೂ ಇಲ್ಲ, ಹೀಗೆ ಹೇಳಿಕೊಂಡು ಬರುವವರು ಊರಿಗೊಬ್ಬರಿದ್ದಾರೆ ಎಂದರು. ಆಕೆ ಕದಲಲಿಲ್ಲ. ಹೆಸರು ಏನಾದರೂ ಇಟ್ಟುಕೊಳ್ಳಲಿ, ಬಸ್‌ಸ್ಟ್ಯಾಂಡಿನ ಗೋಡೆಗೆ ಹಚ್ಚಿದ ಕಾಗದದಲ್ಲಿ ಮುಖ ನೋಡಿ, ಇದು ಅವಳದೇ ಮಾರಿ ಎಂದು ಗುರುತು ಹಿಡಿದೆ ಎಂದಳು.

ವೇದಿಕೆಯ ಮೇಲಿದ್ದ ನಟಿ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಸೆರಗು ಸರಿಮಾಡಿಕೊಳ್ಳದೆ ಕೆಳಗಿಳಿದು, ಹಗಲ ಬೆಳಕಿನಲ್ಲೇ ನೆಟ್ಟಗೆ ಬಾಗಿಲಿಗೆ ಹೋದರು. ಹೊರಗೆ ಜನ ಸೇರಿದ್ದರು. ವ್ಯವಸ್ಥಾಪಕರು ಅಡ್ಡ ಬಂದರು. ಅವರನ್ನು ಕೈಯಿಂದ ಸರಿಸಿ, "ಅಕ್ಕಾ, ಒಳಗ ಬಾ," ಎಂದರು.

ಬಣ್ಣದ ಕೋಣೆಯಲ್ಲಿ ಅಕ್ಕತಂಗಿಯರು ಕೈ ಹಿಡಿದುಕೊಂಡು ಕೂತರು. ಅವ್ವ ಚಹಾ ಮಾಡಿ ತಂದಳು. ಹೊರಗೆ ಹೋಗಲು ಎದ್ದ ನಮ್ಮಿಬ್ಬರನ್ನೂ ಅವರು ತಡೆದು ಕೂಡಿಸಿದರು. ಹೀಗಾಗಿ ಕತೆ ನಮಗೆ ಗೊತ್ತಾಯಿತು. ಹಾಡುವ ಹುಚ್ಚಿನಿಂದ ಹುಡುಗಿಯಾಗಿದ್ದಾಗಲೇ ಒಂದು ನಾಟಕ ಕಂಪನಿಯ ಹಿಂದೆ ಹೋದವರು ಅವರು. ಅಲ್ಲಿಂದ ಮದರಾಸು, ಸಿನಿಮಾ. ಅಲ್ಲಿಯವರು ಅವರಿಗೆ ಹೊಸ ಹೆಸರಿಟ್ಟರು, ಹೊಸ ಊರು ಕೊಟ್ಟರು, ಇಲ್ಲದ ಸಂಗೀತದ ತಂದೆಯೊಬ್ಬನನ್ನು ಕೊಟ್ಟರು. ಮೋರಟಗಿಗೆ ಹೋದರೆ ಇದೆಲ್ಲ ಬಯಲಾಗುತ್ತದೆ, ಜನ ಮೋಸ ಎನ್ನುತ್ತಾರೆ ಎಂದು ಹೆದರಿಸಿದರು. ತಾಯಿ ತೀರಿದ ಸುದ್ದಿ ಅವರಿಗೆ ಮುಟ್ಟಿದ್ದೇ ಬಹಳ ತಡವಾಗಿ. ಆಗಲೂ ಊರಿಗೆ ಬರಲಿಲ್ಲ. ಅದನ್ನು ಹೇಳುವಾಗ ಅವರು ಅಕ್ಕನ ಕೈ ಬಿಡಲಿಲ್ಲ.

ನನ್ನ ಸಿನಿಮಾ ನೋಡಿದೆಯಾ ಎಂದು ಅಕ್ಕನನ್ನು ಕೇಳಿದರು.

"ಒಂದ ನೋಡೀನಿ," ಎಂದಳು ಅಕ್ಕ. "ಮತ್ತ ಹೋಗ್ಲಿಲ್ಲ. ಮಾರಿ ನಿಂದ ಐತಿ, ಮಾತು ಬ್ಯಾರೆ ಯಾರ್ದೋ. ನಿನ್ನ ಒಳಗ ಯಾರೋ ಹೊಕ್ಕಾರ ಅಂತ ನನಗ ಅಂಜಿಕಿ ಬಂತು. ನಡುವ ಎದ್ದು ಬಂದೆ."

ಅಂದು ಸಂಜೆಯ ಆಟದಲ್ಲಿ ಅವರು ನಾನು ಕಲಿಸಿದ ದನಿಯಲ್ಲೇ ಆಡಿದರು. ಒಪ್ಪಿಕೊಂಡ ಮಾತು ಎಂದು ಆಡಿದರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವರು ಆಕೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಮರುದಿನ ಬಾಗೇವಾಡಿಗೆ ಹೋದೆವು. ಅಲ್ಲಿ ಕೋಣೆಗೆ ಕಾಲಿಟ್ಟವರೇ ಅವ್ವನನ್ನೂ ನನ್ನನ್ನೂ ಕರೆಸಿದರು. ಈ ಊರಿನ ಆಟ ಹೇಗಿದೆಯೋ ಹಾಗೇ ಆಗಲಿ, ಮುದ್ದೇಬಿಹಾಳದಲ್ಲಿ ತಾನು ತನ್ನ ದನಿಯಲ್ಲಿ, ತನ್ನ ಮಾತಿನಲ್ಲಿ ಆಡುತ್ತೇನೆ ಎಂದರು. ಈ ನಾಟಕ ಮೊದಲು ನಮ್ಮ ಮಾತಿನಲ್ಲೇ ಇತ್ತಲ್ಲ, ಅದು ಯಾರಿಗೆ ಬರುತ್ತದೆ ಎಂದು ಕೇಳಿದರು. ಅವ್ವನಿಗೆ ಬರುತ್ತಿತ್ತು. ವರ್ಷಗಟ್ಟಲೆ ಆ ಹಿರಿಸೊಸೆಯ ಎದುರಿಗೆ ಅತ್ತೆಯಾಗಿ ನಿಂತವಳು. ಅವ್ವ ಒಂದೊಂದೇ ಮಾತು ಹೇಳುತ್ತ ಹೋದಳು, ನಾನು ಮೈದುನನ ಮಾತು ಆಡಿದೆ, ಅವರು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತ ಬಾಯಿಪಾಠ ಮಾಡಿದರು. ಅವರ ನಡಿಗೆಯೇ ಬದಲಾಯಿತು. ಕಣ್ಣೆತ್ತಿ ನೋಡತೊಡಗಿದರು. ಸಿನಿಮಾದ ಸೊಸೆ ಅಳುತ್ತ ಮನೆ ಉಳಿಸುತ್ತಿದ್ದಳು, ಈ ಸೊಸೆ ಜಗಳಾಡಿ ಉಳಿಸುವವಳು.

ಮುದ್ದೇಬಿಹಾಳ ಮುಟ್ಟುವುದರೊಳಗೆ ಮಾಲಕರಿಗೆ ವಿಷಯ ತಿಳಿಯಿತು. ಅವರು ಕೆಟ್ಟವರಲ್ಲ. ತಗಡಿನ ಥೇಟರೊಂದೇ ಅವರ ಆಸ್ತಿ, ಅದರ ಕೆಳಗೆ ನಾವಿಷ್ಟು ಮಂದಿ ಉಣ್ಣುವವರು. ಜನ ಆ ದನಿ ಕೇಳಲು ಬರುತ್ತಾರೆ, ಇದನ್ನು ಕೇಳಿದರೆ ತಾನು ಯಾರನ್ನೋ ತಂದು ನಿಲ್ಲಿಸಿದ್ದೇನೆ ಎನ್ನುತ್ತಾರೆ, ನೀನಾದರೂ ಅವರಿಗೆ ಹೇಳು ಎಂದು ನನ್ನನ್ನು ಬೇಡಿಕೊಂಡರು. ನಾನು ಹೇಳುವುದಿಲ್ಲ ಎಂದೆ. ಮಾಲಕರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ವ್ಯವಸ್ಥಾಪಕರು ಬೇಡಿಕೊಳ್ಳಲಿಲ್ಲ. ಬಣ್ಣದ ಕೋಣೆಗೆ ಬಂದು ಎಲ್ಲರೆದುರು ಹೇಳಿದರು: ಇಷ್ಟು ವರ್ಷ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ್ದೇನೆ, ನೀವು ಒಂದು ಸಂಜೆಯಲ್ಲಿ ಕೆಡವುತ್ತೀರಿ, ಪತ್ರಿಕೆಯಲ್ಲಿ ಬಂದರೆ ನಾಳೆಯಿಂದ ಯಾವ ಸ್ಟುಡಿಯೋದವರೂ ಕರೆಯುವುದಿಲ್ಲ.

ನಟಿ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ಕಟ್ಟಿದ್ದು ಖರೆ," ಎಂದರು. "ನಾ ಇರಾಕ ಜಾಗಾ ಬಿಡಲಿಲ್ಲ ನೀವು."

ಸಂಜೆ ಥೇಟರು ತುಂಬಿ, ಜನ ತಗಡಿನ ಅಂಚಿಗೂ ನಿಂತಿದ್ದರು. ನಾಲತವಾಡದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರಿದ್ದರು. ಪರದೆ ಎದ್ದಿತು. ಅವರು ಬಂದು ನಿಂತಾಗ ಸೀಟಿ, ಚಪ್ಪಾಳೆ. ಮೈದುನ ಪಾಲು ಕೇಳಿದ. ಅವರು ತಲೆಯೆತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ಮನೆ ಒಡೆಯುವ ಮಾತು ಈ ಹೊಸಿಲ ಒಳಗೆ ಆಡಬ್ಯಾಡ ಎಂದು ತಮ್ಮ ದನಿಯಲ್ಲಿ ಹೇಳಿದರು.

ಚಪ್ಪಾಳೆ ನಿಂತುಹೋಯಿತು. ಎರಡನೆಯ ಮಾತಿಗೆ ಗುಸುಗುಸು ಎದ್ದಿತು. ಮೂರನೆಯದಕ್ಕೆ ಹಿಂದಿನಿಂದ ಒಬ್ಬ ಗಂಡಸು ಎದ್ದು ನಿಂತು, ಇಕಿ ಅಕಿ ಅಲ್ಲ, ಯಾರನ್ನೋ ಬಣ್ಣ ಬಳಿದು ನಿಲ್ಲಿಸ್ಯಾರ ಎಂದು ಕೂಗಿದ. ಬೆಂಚು ಸರಿಯುವ ಸದ್ದು. ಮಾಲಕರು ಪರದೆಯ ಹಗ್ಗಕ್ಕೆ ಕೈ ಹಾಕಿದರು. ಅವ್ವ ಅತ್ತೆಯ ವೇಷದಲ್ಲೇ ಹೋಗಿ ಅವರ ಕೈ ಹಿಡಿದುಕೊಂಡಳು. ತಡೀರಿ, ಅವರು ಮಾತಾಡಲಿ ಎಂದಳು. ನಾನು ಪಕ್ಕದಲ್ಲೇ ಇದ್ದೆ.

ಅವರು ಪಾತ್ರ ಬಿಟ್ಟು ವೇದಿಕೆಯ ಅಂಚಿಗೆ ಬಂದರು. ಕೈ ಎತ್ತಲಿಲ್ಲ, ಕೈ ಮುಗಿಯಲೂ ಇಲ್ಲ. ಗದ್ದಲ ತಾನಾಗಿ ಇಳಿಯುವ ತನಕ ಸುಮ್ಮನೆ ನಿಂತರು.

"ಸಿನಿಮಾದಾಗ ನೀವು ನೋಡಿದ ಮಾರಿ ನಂದು," ಎಂದರು. "ಕೇಳಿದ ಮಾತು ನಂದಲ್ರಿ. ಅದು ಬ್ಯಾರೆ ಒಬ್ಬಾಕಿದು. ಛಲೋ ಆಡ್ತಾಳ, ಅಕಿ ಹೆಸರ ಯಾರೂ ನಿಮಗ ಹೇಳಲಿಲ್ಲ. ನಾನು ಮೈಸೂರಿನಾಕಿ ಅಲ್ಲ. ಸಿಂದಗಿ ತಾಲೂಕ ಮೋರಟಗಿ ನಮ್ಮೂರು. ನನ್ನ ದನಿ ಹಿಂಗ ಐತಿ. ಕೇಳೂದಿದ್ರ ಕೂಡ್ರಿ, ಆಟ ಪೂರ್ತಿ ಮಾಡ್ತೇನಿ. ಹೋಗೂದಿದ್ರ ಹೋಗ್ರಿ, ನನಗ ಸಿಟ್ಟಿಲ್ಲ."

ಕೆಲವರು ಹೋದರು. ಕೂಗಿದ ಗಂಡಸು ಹೋದ, ಅವನ ಹಿಂದೆ ಒಂದು ಗುಂಪೇ ಹೋಯಿತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಹೋದರು. ಹೆಂಗಸರ ಕಡೆಯಿಂದ ಮಾತ್ರ ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು, ಹೊಲದಲ್ಲಿ ಕೂಗಿ ಕೂಗಿ ತನ್ನ ದನಿಯೂ ಹೀಗೇ ಒಡೆದದ್ದು, ಆಟ ಮುಂದ ಆಗಲಿ ಎಂದಳು. ಅವರು ಹಿಂದಕ್ಕೆ ನಡೆದು, ಮೈದುನನ ಎದುರು ನಿಂತು, ಬಿಟ್ಟ ಮಾತಿನಿಂದಲೇ ಹಿಡಿದರು.

ಆ ಆಟ ಹೇಗಿತ್ತೆಂದು ಕೇಳಿದರೆ ಪೂರ್ತಿ ಚೆನ್ನಾಗಿತ್ತು ಎನ್ನಲಾರೆ. ಮೊದಲ ಅಂಕದಲ್ಲಿ ತಡವರಿಸಿದರು, ಹಾಡು ಶ್ರುತಿ ತಪ್ಪಿತು. ಎರಡನೇ ಅಂಕದಲ್ಲಿ ಪಾಲು ಬೇಡುವ ಮೈದುನನಿಗೂ ಬಾಯಿ ಮುಚ್ಚಿ ಕೂತ ಗಂಡನಿಗೂ ಒಟ್ಟಿಗೆ ಬೈಯುವ ಜಾಗ ಬಂತು. ಅಲ್ಲಿ ಹೆಂಗಸರು ಜೋರಾಗಿ ನಕ್ಕರು, ಆಮೇಲೆ ಗಂಡಸರೂ ನಕ್ಕರು. ಕೊನೆಯಲ್ಲಿ ಚಪ್ಪಾಳೆ ತಡವಾಗಿ ಶುರುವಾಯಿತು, ಶುರುವಾದ ಮೇಲೆ ಬಹಳ ಹೊತ್ತಿನ ತನಕ ನಡೆಯಿತು. ಪರದೆಯ ಹಿಂದೆ ಅವರು ಉಸಿರು ಬಿಡುತ್ತ ನಿಂತಿದ್ದರು. ಅವ್ವ ಅವರ ಬೆವರು ಒರೆಸಿದಳು. ಮಾಲಕರು ಒಂದು ಗ್ಲಾಸು ನೀರು ತಂದು ಕೊಟ್ಟರು.

ವ್ಯವಸ್ಥಾಪಕರು ಹೇಳಿದ್ದು ಸುಳ್ಳಾಗಲಿಲ್ಲ. ಪತ್ರಿಕೆಯೊಂದು ಜನರಿಗೆ ಇಷ್ಟು ವರ್ಷ ಮೋಸವಾಯಿತೆಂದು ಬರೆಯಿತು. ಸ್ಟುಡಿಯೋದವರು ಕರೆಯುವುದನ್ನು ನಿಲ್ಲಿಸಿದರು. ಅವರು ಮೋರಟಗಿಗೆ ಹೋಗಿ ಅಕ್ಕನ ಜೊತೆ ಇದ್ದರು, ಸುಗ್ಗಿ ಮುಗಿದ ಮೇಲೆ ನಮ್ಮ ಕಂಪನಿಗೇ ಬಂದು ಸೇರಿದರು. ಎರಡು ಹಂಗಾಮು ಹಿರಿಸೊಸೆಯ ಪಾತ್ರ ಮಾಡಿದರು, ಊರೂರಲ್ಲಿ ಆ ಪಾತ್ರಕ್ಕೇ ಜನ ಬರತೊಡಗಿದರು. ದಶಕ ಮುಗಿಯುವ ಹೊತ್ತಿಗೆ ಒಂದು ಸಿನಿಮಾದವರು ಹಳ್ಳಿಯ ತಾಯಿಯ ಸಣ್ಣ ಪಾತ್ರಕ್ಕೆ ಕರೆದರು. ತನ್ನದೇ ದನಿ ಇದ್ದರೆ ಮಾತ್ರ ಎಂದು ಷರತ್ತು ಹಾಕಿ ಹೋದರು. ಇನ್ನೊಂದು ಷರತ್ತೂ ಇತ್ತು. ಆ ಚಿತ್ರದ ನಾಯಕಿಗೆ ದನಿ ಕೊಟ್ಟದ್ದು ಅದೇ ಕತ್ತಲ ಕೋಣೆಯ ಹೆಂಗಸು. ಆಕೆಯ ಹೆಸರು ಪರದೆಯ ಮೇಲೆ ಬರಬೇಕೆಂದು ಇವರು ಪಟ್ಟು ಹಿಡಿದರಂತೆ. ಬಂತು, ಬಹಳ ಸಣ್ಣ ಅಕ್ಷರದಲ್ಲಿ.

ಅವರು ಇನ್ನೂ ಮೋರಟಗಿಯಲ್ಲಿದ್ದಾಗ ಮಾಲಕರಿಗೆ ನನ್ನ ವಿಷಯದಲ್ಲಿ ಒಂದು ಆಸೆ ಹುಟ್ಟಿತ್ತು. ಆ ಹಳೆಯ ದನಿ, ತಗ್ಗಿಸಿದ ಕಣ್ಣು, ಮುಚ್ಚಿದ ತುಟಿ ಇಷ್ಟೂ ನನಗೆ ಬರುತ್ತದೆ. ಆ ತಾರೆಯ ಹೆಸರಿನ ಹಿಂದೆ ಜೂನಿಯರ್ ಎಂದು ಸೇರಿಸಿ, ಅದನ್ನೇ ನನಗೆ ಹೆಸರಾಗಿಟ್ಟು ಕರಪತ್ರ ಹೊಡೆಸಿದರೆ ಜನ ಮುಗಿಬೀಳುತ್ತಾರೆ ಎಂದರು. ಬಿಜಾಪುರದಿಂದ ಫೋಟೋದವನನ್ನೂ ಕರೆಸಿ ಕೂಡಿಸಿದ್ದರು. ಅವನು ಒಂದು ತುಳಸಿಕಟ್ಟೆಯ ಚಿತ್ರದ ಪರದೆ ಹರವಿ, ಎಡಗೆನ್ನೆ ಈ ಕಡೆ ಮಾಡಿ ತಲೆ ತಗ್ಗಿಸಮ್ಮಾ ಎಂದ.

ನಾನು ತಗ್ಗಿಸಲಿಲ್ಲ. ಈ ಚಿತ್ರದ ಪರದೆ ತೆಗೆ, ಇಲ್ಲದಿದ್ದರೆ ಫೋಟೋ ಬೇಡ ಎಂದೆ. ಮಾಲಕರು ಬಹಳ ಹೊತ್ತು ವಾದ ಮಾಡಿದರು, ನಾನು ಕೂತಲ್ಲಿಂದ ಅಲುಗಲಿಲ್ಲ. ಕಡೆಗೆ ಅವನು ಪರದೆ ಸುತ್ತಿಟ್ಟ. ಹಿಂದೆ ನಮ್ಮ ಥೇಟರಿನ ತಗಡು, ಅದರ ಮೇಲೆ ಯಾರೋ ಒಣಹಾಕಿದ ಸೀರೆ. ಕೆಮರಾದ ಕಡೆ ನೆಟ್ಟಗೆ ನೋಡಿದೆ. ಆ ಫೋಟೋದಲ್ಲಿ ನನಗೆ ಸ್ವಲ್ಪ ಸಿಟ್ಟು ಬಂದ ಹಾಗಿದೆ. ಅದನ್ನೇ ನನ್ನ ಸ್ವಂತ ಹೆಸರಿನ ಮೇಲೆ ಕರಪತ್ರದಲ್ಲಿ ಹಾಕಿದರು.